ನಿಂತೇ ಇರುವ ವಾಹನದ ಬ್ಯಾಟರಿ: ಆಯ್ಕೆ ಮತ್ತು ಪಾಲನೆ

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದ ಬಳಿಕ, ಅದಿರು ಸಾಗಿಸುತ್ತಿದ್ದ ಲಾರಿಗಳು ಹೆದ್ದಾರಿಗಳ ಬದಿಯಲ್ಲಿಯೂ ಖಾಲಿ ನಿವೇಶನಗಳಲ್ಲಿಯೂ ಸಾಲುಗಟ್ಟಿ ನಿಂತುದನ್ನು ಈ ಭಾಗದ ವರ್ತಕರು ಮರೆತಿರಲಾರರು. ಸಾಲದ ಕಂತುಗಳು ತಲೆಯ ಮೇಲಿದ್ದಾಗ ಬ್ಯಾಟರಿಯ ಬಗ್ಗೆ ಯೋಚಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಆದರೆ ತಿಂಗಳುಗಟ್ಟಲೆ ನಿಂತ ವಾಹನವನ್ನು ಮತ್ತೆ ಹೊರತೆಗೆಯುವಾಗ ಮೊದಲ ಖರ್ಚು ಬೀಳುವುದು ಸಾಮಾನ್ಯವಾಗಿ ಬ್ಯಾಟರಿಗೇ. 2020ರ ಮಾರ್ಚ್ 25ರಿಂದ ದೇಶಾದ್ಯಂತ ಲಾಕ್‌ಡೌನ್ ಜಾರಿಯಾದಾಗ ಇದೇ ಪಾಠವು ಲಾರಿ ಮಾಲೀಕರನ್ನು ದಾಟಿ, ಮನೆಯ ಮುಂದೆ ಕಾರು ನಿಲ್ಲಿಸಿಕೊಂಡ ಎಲ್ಲರ ಅನುಭವಕ್ಕೂ ಬಂದಿತು.

ಈಗ ಲಾಕ್‌ಡೌನ್ ಇಲ್ಲ. ಆದರೂ ನಿಂತೇ ಇರುವ ವಾಹನಗಳು ಮತ್ತು ಯಂತ್ರಗಳು ನಮ್ಮ ವ್ಯಾಪಾರಸ್ಥರಲ್ಲಿ ಕಡಿಮೆಯೇನಿಲ್ಲ. ಗಣಿ ಉದ್ಯಮದ ಉಬ್ಬರದ ವರ್ಷಗಳಲ್ಲಿ ಬಳ್ಳಾರಿಗೆ ದುಬಾರಿ ಕಾರುಗಳು ಬಂದವು. ಅಂತಹ ಕಾರನ್ನು ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ಹೊರತೆಗೆದು ಉಳಿದ ದಿನ ಹೊದಿಕೆ ಹೊದಿಸಿಡುವ ರೂಢಿ ಇಂದಿಗೂ ಉಂಟು. ನಿತ್ಯದ ಓಡಾಟಕ್ಕೆ ಬೇರೊಂದು ವಾಹನವಿರುವ ಮನೆಯಲ್ಲಿ ಸ್ಪೋರ್ಟ್ಸ್ ಕಾರು ತಿಂಗಳಿಗೆ ಒಂದೆರಡು ಬಾರಿ ಮಾತ್ರ ರಸ್ತೆ ಕಾಣುತ್ತದೆ. ಸಿರುಗುಪ್ಪದ ಭತ್ತ ಕಟಾವು ಯಂತ್ರವು ಸುಗ್ಗಿ ಮುಗಿದ ಮೇಲೆ ಅರ್ಧ ವರ್ಷ ಕಣದ ಮೂಲೆಯಲ್ಲಿರುತ್ತದೆ. ಗಿರಣಿಯ ಮತ್ತು ಜೀನ್ಸ್ ಘಟಕದ ಜನರೇಟರ್ ಕರೆಂಟು ಹೋದಾಗಷ್ಟೇ ನೆನಪಾಗುತ್ತದೆ. ಇವುಗಳ ಬೆಲೆ ಬೇರೆ, ಉಪಯೋಗ ಬೇರೆ. ಆದರೆ ಬ್ಯಾಟರಿಯ ಮಟ್ಟಿಗೆ ಇವೆಲ್ಲಕ್ಕೂ ಇರುವ ರೋಗ ಒಂದೇ. ಓಡುವ ಬ್ಯಾಟರಿಗಿಂತ ನಿಂತ ಬ್ಯಾಟರಿ ಬೇಗ ಸಾಯುತ್ತದೆ.

ನಿಂತಲ್ಲಿಯೇ ಆಗುವ ನಷ್ಟ

ವಾಹನಗಳಲ್ಲಿ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿರುವುದು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯ ತತ್ತ್ವವೇ. ಸೀಸದ ಪ್ಲೇಟುಗಳು ಗಂಧಕಾಮ್ಲದ ದ್ರಾವಣದಲ್ಲಿ ಮುಳುಗಿರುತ್ತವೆ. ಸುಮಾರು 2 ವೋಲ್ಟಿನ ಆರು ಸೆಲ್‌ಗಳು ಸೇರಿ 12 ವೋಲ್ಟಿನ ಬ್ಯಾಟರಿ ಆಗುತ್ತದೆ. ವಿದ್ಯುತ್ತು ಖರ್ಚಾದಂತೆ ಎರಡೂ ಬಗೆಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಇದು ಪ್ರತಿನಿತ್ಯ ನಡೆಯುವ ಕ್ರಿಯೆ, ಇದರಿಂದ ಹಾನಿಯಿಲ್ಲ. ಹಾನಿಯಾಗುವುದು ಆ ಸಲ್ಫೇಟ್ ವಾರಗಟ್ಟಲೆ ಹಾಗೆಯೇ ಉಳಿದಾಗ. ಮೆತ್ತಗಿದ್ದ ಸೂಕ್ಷ್ಮ ಹರಳುಗಳು ಆಗ ಬೆಳೆದು ಗಟ್ಟಿಯಾಗುತ್ತವೆ. ಹಾಗೆ ಗಟ್ಟಿಯಾದ ಭಾಗವು ಮುಂದೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಅಷ್ಟು ಪ್ಲೇಟು ಕೆಲಸಕ್ಕೆ ಬಾರದೆ ಹೋಯಿತೆಂದೇ ಲೆಕ್ಕ. ಪೇಟೆಯಲ್ಲಿ ‘ಬ್ಯಾಟರಿ ಕೂತುಹೋಯಿತು’ ಎಂದು ಹೇಳುವುದರ ಹಿಂದೆ ಬಹುಪಾಲು ಇರುವುದು ಈ ಸಂಗತಿ.

ಬ್ಯಾಟರಿ ಖಾಲಿಯಾಗಲು ಯಾರೂ ದೀಪ ಹಚ್ಚಿಡಬೇಕಾಗಿಲ್ಲ. ಮೊದಲನೆಯದಾಗಿ, ಯಾವ ತಂತಿಯನ್ನೂ ಜೋಡಿಸದೆ ಇಟ್ಟರೂ ಅದು ತನ್ನಷ್ಟಕ್ಕೆ ತಾನೇ ಸೋರುತ್ತದೆ. ಇಂದಿನ ಕ್ಯಾಲ್ಸಿಯಂ ಮಿಶ್ರಣದ ಪ್ಲೇಟುಗಳಲ್ಲಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ಸೋರಿಕೆ ತಿಂಗಳಿಗೆ ಸುಮಾರು ಶೇಕಡ 3ರಷ್ಟು. ಹಳೆಯ ಆಂಟಿಮನಿ ಮಿಶ್ರಣದ ಪ್ಲೇಟುಗಳಲ್ಲಿ ಇದರ ಎರಡು ಮೂರು ಪಟ್ಟು. ಉಷ್ಣತೆ 10 ಡಿಗ್ರಿ ಏರಿದರೆ ಸೋರಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ, ಅದರಲ್ಲಿಯೂ ತಗಡಿನ ಛಾವಣಿಯ ಶೆಡ್ಡಿನಲ್ಲಿ, ತಂಪು ದೇಶಗಳ ಕೈಪಿಡಿಯಲ್ಲಿ ಮುದ್ರಿಸಿರುವ ಅಂಕಿಗಳನ್ನು ನಂಬಿ ಕುಳಿತರೆ ಲೆಕ್ಕ ತಪ್ಪುವುದು ಖಂಡಿತ. ಸೆಖೆಯು ಸೋರಿಕೆಯನ್ನು ಹೆಚ್ಚಿಸುವುದಲ್ಲದೆ ಒಳಗಿನ ಸೀಸದ ಜಾಲರಿಯನ್ನೂ ಸವೆಸುತ್ತದೆ. ಹಳೆಯ ಕಲ್ಲುಗೋಡೆಯ ಗೋದಾಮಿನಲ್ಲಿ ನಿಂತ ಕಾರಿನ ಬ್ಯಾಟರಿಯು ತಗಡಿನ ಶೆಡ್ಡಿನದಕ್ಕಿಂತ ಹೆಚ್ಚು ಕಾಲ ಬಾಳಿದರೆ ಅದರಲ್ಲಿ ಅದೃಷ್ಟದ ಮಾತೇನೂ ಇಲ್ಲ.

ಎರಡನೆಯದು ಕಾರೇ ಕುಡಿಯುವ ವಿದ್ಯುತ್ತು. ಹಿಂದಿನ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಕಾರುಗಳಲ್ಲಿ ಕೀಲಿ ತೆಗೆದ ಮೇಲೆ ಹೆಚ್ಚೆಂದರೆ ಗಡಿಯಾರವೊಂದು ನಡೆಯುತ್ತಿತ್ತು. ಈಗಿನ ಕಾರು ಹಾಗಲ್ಲ. ಕಳ್ಳತನ ತಡೆಯುವ ಅಲಾರಂ, ದೂರದ ಕೀಲಿಯ ಸಂಕೇತಕ್ಕಾಗಿ ಕಾಯುವ ಗ್ರಾಹಕ, ಹತ್ತಾರು ಪುಟ್ಟ ಗಣಕಗಳು, ಇವೆಲ್ಲ ಮಲಗಿದ್ದರೂ ಉಸಿರಾಡುತ್ತಿರುತ್ತವೆ. ದೋಷವಿಲ್ಲದ ಕಾರಿನಲ್ಲಿಯೂ ಈ ಸೆಳೆತ 20ರಿಂದ 50 ಮಿಲಿಆಂಪಿಯರ್ ಇರುವುದು ಸಾಮಾನ್ಯ. 40 ಮಿಲಿಆಂಪಿಯರ್ ಎಂದೇ ಹಿಡಿದರೆ ದಿನಕ್ಕೆ ಸುಮಾರು ಒಂದು ಆಂಪಿಯರ್-ಅವರ್, ತಿಂಗಳಿಗೆ ಹತ್ತಿರ ಹತ್ತಿರ 30 ಆಂಪಿಯರ್-ಅವರ್ ಆಯಿತು. ಕಾರಿನಲ್ಲಿರುವುದು 60 ಆಂಪಿಯರ್-ಅವರ್ ಬ್ಯಾಟರಿಯಾದರೆ, ಬೀಗ ಹಾಕಿಟ್ಟ ಒಂದೇ ತಿಂಗಳಲ್ಲಿ ಅರ್ಧ ಖಾಲಿ. ಅದರ ಮೇಲೆ ಬೇಸಿಗೆಯ ಸೋರಿಕೆ ಬೇರೆ. ಆರೇಳು ವಾರ ಕಳೆದ ಮೇಲೆ ಸೆಲ್ಫ್ ತಿರುಗದಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಹೊರಗಿನಿಂದ ಹಾಕಿಸಿಕೊಂಡ ಜಿ.ಪಿ.ಎಸ್. ಪೆಟ್ಟಿಗೆ, ರಸ್ತೆಯ ಕ್ಯಾಮೆರಾ, ಹೆಚ್ಚುವರಿ ಧ್ವನಿವರ್ಧಕಗಳಿದ್ದರೆ ಈ ಅವಧಿ ಇನ್ನೂ ಕುಗ್ಗುತ್ತದೆ.

ಬ್ಯಾಟರಿಯ ಸ್ಥಿತಿಯನ್ನು ತಿಳಿಯಲು ಸಾಧಾರಣ ಬೆಲೆಯ ಮಲ್ಟಿಮೀಟರ್ ಸಾಕು. ವಾಹನವನ್ನು ನಿಲ್ಲಿಸಿ ಅಥವಾ ಚಾರ್ಜರ್ ತೆಗೆದು ಒಂದು ರಾತ್ರಿ ಕಳೆದ ಮೇಲೆ ಅಳೆಯಬೇಕು. ಕೂಡಲೇ ಅಳೆದರೆ ಹುಸಿ ಏರಿಕೆ ಕಾಣುತ್ತದೆ. 12.6 ವೋಲ್ಟ್ ಅಥವಾ ಅದಕ್ಕಿಂತ ಮೇಲಿದ್ದರೆ ಪೂರ್ಣ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ, 12.0 ಇದ್ದರೆ ಕಾಲು ಭಾಗವೆಂದು ತಿಳಿಯಬಹುದು. 12 ಎಂಬ ಅಂಕಿಯನ್ನು ಕಂಡು ‘12 ವೋಲ್ಟಿನ ಬ್ಯಾಟರಿ, 12 ತೋರಿಸುತ್ತಿದೆ, ಸರಿಯಾಗಿದೆ’ ಎಂದು ಸಮಾಧಾನಪಡುವವರಿದ್ದಾರೆ. ವಾಸ್ತವದಲ್ಲಿ ಅದು ಬಹುತೇಕ ಖಾಲಿಯಾದ ಬ್ಯಾಟರಿ. 12.4ಕ್ಕಿಂತ ಕೆಳಗೆ ಹೋಗಲು ಬಿಡಬಾರದೆಂಬುದು ನೆನಪಿಡಬೇಕಾದ ಗೆರೆ.

ಕುರುಗೋಡಿಗೆ ಹೋಗಿಬಂದರೆ ಸಾಕೇ?

ನಿಂತ ಕಾರನ್ನು ದಿನಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಲು ಚಾಲಕನಿಗೆ ಹೇಳಿಡುವುದು ಎಲ್ಲ ಕಡೆಯೂ ಕಾಣುವ ಪದ್ಧತಿ. ಇದರಿಂದ ಬ್ಯಾಟರಿ ತುಂಬುತ್ತದೆಯೆಂಬ ನಂಬಿಕೆಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಸೆಲ್ಫ್ ಹೊಡೆಯಲು ಖರ್ಚಾಗುವುದು ಜನ ತಿಳಿದಷ್ಟು ಹೆಚ್ಚಲ್ಲ: 250 ಆಂಪಿಯರ್ ಮೂರು ಸೆಕೆಂಡ್ ಹರಿದರೂ ಒಂದು ಆಂಪಿಯರ್-ಅವರ್‌ನ ಐದನೆಯ ಒಂದು ಭಾಗ ಮಾತ್ರ. ಆದರೆ ಎಂಜಿನ್ ನಿಂತಲ್ಲಿಯೇ ಮೆಲ್ಲಗೆ ತಿರುಗುವಾಗ ಆಲ್ಟರ್ನೇಟರ್ ಕೊಡುವುದು ಕಡಿಮೆ. ಅದರಲ್ಲಿ ಫ್ಯಾನು, ಇಂಧನದ ಪಂಪು, ಎ.ಸಿ. ತಮ್ಮ ಪಾಲು ತೆಗೆದುಕೊಂಡ ಮೇಲೆ ಬ್ಯಾಟರಿಗೆ ಐದಾರು ಆಂಪಿಯರ್ ಉಳಿದೀತು. ಐದು ನಿಮಿಷಕ್ಕೆ ಅದು ಅರ್ಧ ಆಂಪಿಯರ್-ಅವರ್. ದಿನದ ಖರ್ಚೇ ಒಂದು ಆಂಪಿಯರ್-ಅವರ್ ಇರುವಾಗ ಇದು ತೂತುಬಿದ್ದ ಕೊಡಕ್ಕೆ ಬೊಗಸೆಯಲ್ಲಿ ನೀರು ತುಂಬಿದಂತೆ. ಜೊತೆಗೆ ಎಂಜಿನ್ ಸರಿಯಾಗಿ ಕಾಯುವ ಮೊದಲೇ ನಿಲ್ಲಿಸುವುದರಿಂದ ಆಯಿಲ್‌ನಲ್ಲಿಯೂ ಸೈಲೆನ್ಸರ್‌ನಲ್ಲಿಯೂ ನೀರಿನ ಅಂಶ ಉಳಿಯುತ್ತದೆ. ಈ ಪದ್ಧತಿಯನ್ನು ಕೈಬಿಡುವುದೇ ಮೇಲು.

ಹಾಗಾದರೆ ನಿಜವಾದ ಓಡಾಟ? ಬಳ್ಳಾರಿಯಿಂದ ಕುರುಗೋಡಿಗೆ ಸುಮಾರು 28 ಕಿಲೋಮೀಟರ್. ಭಾನುವಾರ ಬೆಳಿಗ್ಗೆ ಹೊರಟು ದೊಡ್ಡಬಸವೇಶ್ವರನ ದರ್ಶನ ಮಾಡಿಕೊಂಡು ಮರಳಿದರೆ ಎಂಜಿನ್ ಒಂದು ಗಂಟೆಗಿಂತ ತುಸು ಹೆಚ್ಚು ನಡೆದಂತಾಯಿತು. ಮುಕ್ಕಾಲು ತುಂಬಿದ 60 ಆಂಪಿಯರ್-ಅವರ್ ಬ್ಯಾಟರಿಗೆ ಬೇಕಾದುದು ಇನ್ನು 15 ಆಂಪಿಯರ್-ಅವರ್. ನಷ್ಟ ಸೇರಿಸಿದರೆ 17-18. ಆಲ್ಟರ್ನೇಟರ್‌ನ ಮೇಲೆ 100 ಆಂಪಿಯರ್ ಎಂದು ಬರೆದಿದ್ದರೂ ಬ್ಯಾಟರಿ ಅಷ್ಟನ್ನು ಸ್ವೀಕರಿಸುವುದಿಲ್ಲ. ಮೊದಲು 20-25 ಆಂಪಿಯರ್ ಎಳೆದುಕೊಂಡು, ತುಂಬುತ್ತ ಹೋದಂತೆ ನಾಲ್ಕೈದಕ್ಕೆ ಇಳಿಯುತ್ತದೆ. ಅಂದಾಜಿನಲ್ಲಿ ಹೇಳುವುದಾದರೆ ಕುರುಗೋಡಿನ ಪ್ರಯಾಣ ಬ್ಯಾಟರಿಯನ್ನು ಶೇಕಡ 90ರ ಆಸುಪಾಸಿಗೆ ತಂದೀತು. 55 ಕಿಲೋಮೀಟರ್‌ಗಳಿಗೂ ಮಿಗಿಲಾದ ಸಿರುಗುಪ್ಪಕ್ಕೆ ಹೋಗಿಬಂದರೆ ಫಲ ಇನ್ನೂ ಉತ್ತಮ. ಆದರೆ ಕೊನೆಯ ಶೇಕಡ 10 ತುಂಬಲು ಗಂಟೆಗಟ್ಟಲೆ ಬೇಕು. ಗಟ್ಟಿಯಾಗುವ ಸಲ್ಫೇಟ್ ಉಳಿಯುವುದು ಆ ಕೊನೆಯ ಪಾಲಿನಲ್ಲಿಯೇ. ಇದಲ್ಲದೆ ಇತ್ತೀಚಿನ ಕೆಲವು ಕಾರುಗಳಲ್ಲಿ ಆಲ್ಟರ್ನೇಟರನ್ನು ಗಣಕವೇ ನಿಯಂತ್ರಿಸುತ್ತದೆ. ಬ್ರೇಕ್ ಹಾಕುವಾಗ ದೊರೆಯುವ ಶಕ್ತಿಗೆ ಜಾಗವಿರಲೆಂದು ಅದು ಬ್ಯಾಟರಿಯನ್ನು ಬೇಕೆಂದೇ ಪೂರ್ತಿ ತುಂಬಿಸುವುದಿಲ್ಲ. ಅಂತಹ ಕಾರನ್ನು ರಾಯಚೂರಿನವರೆಗೆ ಓಡಿಸಿದರೂ ಬ್ಯಾಟರಿ ಭರ್ತಿಯಾಗದು.

ಟಯರು, ಬ್ರೇಕು, ಎಂಜಿನ್ ಸೀಲುಗಳ ದೃಷ್ಟಿಯಿಂದ ಹದಿನೈದು ದಿನಕ್ಕೊಮ್ಮೆ ದೂರದ ಓಡಾಟ ಅಗತ್ಯವೇ. ಬ್ಯಾಟರಿಯ ಭರ್ತಿಗೆ ಮಾತ್ರ ಅದನ್ನೊಂದನ್ನೇ ನೆಚ್ಚಬಾರದು.

ಚಾರ್ಜರ್‌ನ ಆಯ್ಕೆ

ನಿಂತ ವಾಹನಕ್ಕೆ ನಿಜವಾದ ಮದ್ದು ಗೋಡೆಯ ಪ್ಲಗ್ಗಿಗೆ ಜೋಡಿಸುವ ಸಣ್ಣ ಸ್ವಯಂಚಾಲಿತ ಚಾರ್ಜರ್. ಬ್ಯಾಟರಿ ಅಂಗಡಿಗಳಲ್ಲಿ ಕಾಣುವ ದೊಡ್ಡ ಪೆಟ್ಟಿಗೆಯಲ್ಲ ಅದು. 60-70 ಆಂಪಿಯರ್-ಅವರ್ ಬ್ಯಾಟರಿಗೆ 4ರಿಂದ 5 ಆಂಪಿಯರ್ ಕೊಡುವ ಚಾರ್ಜರ್ ಧಾರಾಳವಾಗಿ ಸಾಕು. ಅದು ಮೊದಲು ಸುಮಾರು 14.4 ವೋಲ್ಟ್‌ವರೆಗೆ ತುಂಬಿಸಿ, ತುಂಬಿದ ಮೇಲೆ 13.5ರ ಆಸುಪಾಸಿಗೆ ತಾನಾಗಿ ಇಳಿದು ಸೋರಿದಷ್ಟನ್ನು ಮಾತ್ರ ಮರಳಿ ಕೊಡುತ್ತಿರಬೇಕು. ಹೀಗೆ ತಾನಾಗಿ ಇಳಿಯದ ಅಗ್ಗದ ಚಾರ್ಜರನ್ನು ವಾರಗಟ್ಟಲೆ ಹಚ್ಚಿಟ್ಟರೆ ಬ್ಯಾಟರಿಯ ನೀರು ಕುದಿದು ಬತ್ತುತ್ತದೆ. ಸೋರಿಕೆಯನ್ನು ತುಂಬುವ ಹಂತದಲ್ಲಿ ತಗಲುವ ವಿದ್ಯುತ್ತು ಅತ್ಯಲ್ಪ. ಸತತವಾಗಿ 5 ವಾಟ್ ಎಂದು ಹಿಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ಆಗುವುದಿಲ್ಲ.

ಕೊಳ್ಳುವಾಗ ಎರಡು ಸಂಗತಿಗಳನ್ನು ವಿಚಾರಿಸಬೇಕು. ಹೊರದೇಶದ ಬರಹಗಳಲ್ಲಿ ಇವುಗಳಿಗೆ ಅಷ್ಟು ಮಹತ್ವ ಕಾಣದು. ಒಂದು, ಕರೆಂಟು ಹೋಗಿ ಬಂದ ಮೇಲೆ ಚಾರ್ಜರ್ ತಾನಾಗಿ ಕೆಲಸ ಮುಂದುವರಿಸುವುದೇ ಎಂಬುದು. ಕೆಲವು ಮಾದರಿಗಳಲ್ಲಿ ಪ್ರತಿಸಲ ಗುಂಡಿ ಒತ್ತಬೇಕಾಗುತ್ತದೆ. ಮಾಲೀಕರು ಹದಿನೈದು ದಿನ ಊರಲ್ಲಿಲ್ಲದಿದ್ದರೆ ಮೊದಲ ದಿನವೇ ಕರೆಂಟು ಹೋಗಿ, ಚಾರ್ಜರ್ ದೀಪ ಮಿನುಗಿಸುತ್ತ ಸುಮ್ಮನೆ ಕುಳಿತಿರುತ್ತದೆ. ಅಂಗಡಿಯಲ್ಲಿಯೇ ಪ್ಲಗ್ ಕಿತ್ತು ಮತ್ತೆ ಹಾಕಿ ನೋಡಿದರೆ ಇದು ತಿಳಿಯುತ್ತದೆ. ಇನ್ನೊಂದು, ಉಷ್ಣತೆಗೆ ತಕ್ಕಂತೆ ವೋಲ್ಟೇಜ್ ಹೊಂದಿಸುವ ಸೌಲಭ್ಯ. ಚಾರ್ಜರ್‌ಗಳನ್ನು ಸಾಮಾನ್ಯವಾಗಿ 25 ಡಿಗ್ರಿಗೆ ಹೊಂದಿಸಿರುತ್ತಾರೆ. ಉಷ್ಣತೆ ಏರಿದಂತೆ ಪ್ರತಿ ಡಿಗ್ರಿಗೆ ಒಂದು ವೋಲ್ಟಿನ ನೂರನೆಯ ಎರಡು ಪಾಲಿನಷ್ಟು ಇಳಿಸಬೇಕಾಗುವುದರಿಂದ, 40 ಡಿಗ್ರಿಯಲ್ಲಿ 13.5ರ ಬದಲು 13.2 ವೋಲ್ಟ್ ಸರಿಯಾದ ಮಟ್ಟ. ಈ ಸೌಲಭ್ಯವಿಲ್ಲದ ಚಾರ್ಜರ್ ಇದ್ದಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಅದನ್ನು ಸದಾ ಹಚ್ಚಿಡದೆ, ಹತ್ತು ಹನ್ನೆರಡು ದಿನಕ್ಕೊಮ್ಮೆ ಒಂದು ರಾತ್ರಿ ಮಾತ್ರ ಹಾಕುವುದು ಕ್ಷೇಮ.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇಕಡ 4ರಷ್ಟಾದರೂ ಒಂದು ಕಿಡಿ ತಗುಲಿದರೆ ಸ್ಫೋಟವಾಗಬಲ್ಲದು. ಶೆಡ್ಡಿನ ಕಿಟಕಿ ತೆರೆದಿರಲಿ. ಕ್ಲಿಪ್ ಹಾಕಿದ ಮೇಲೆ ಸ್ವಿಚ್ ಹಾಕುವುದು, ಸ್ವಿಚ್ ತೆಗೆದ ಮೇಲೆ ಕ್ಲಿಪ್ ಬಿಚ್ಚುವುದು ರೂಢಿಯಾಗಲಿ.

ಚಾರ್ಜರ್ ಹಾಕಲು ಪ್ಲಗ್ಗೇ ಇಲ್ಲದ ಕಡೆ ನೆಗೆಟಿವ್ ತಂತಿಯನ್ನು ಬಿಚ್ಚಿಡುವುದು, ಇಲ್ಲವೆ ಸಂಪರ್ಕ ಕಡಿಯುವ ಸ್ವಿಚ್ ಹಾಕಿಸುವುದು ಮುಂದಿನ ದಾರಿ. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್. ಹಳೆಯ ಕಾರುಗಳಿಗೆ ಇದಕ್ಕಿಂತ ಉತ್ತಮ ಉಪಾಯವಿಲ್ಲ. ಹೊಸ ಕಾರುಗಳಲ್ಲಿ ಮಾತ್ರ ರೇಡಿಯೋ ಸಂಕೇತ, ಗಾಜುಗಳ ಹೊಂದಾಣಿಕೆ ಮುಂತಾದವು ಅಳಿಸಿಹೋಗಬಹುದು. ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಬ್ಯಾಟರಿಯು ಮುಂಭಾಗದ ಅಥವಾ ಹಿಂಭಾಗದ ಡಿಕ್ಕಿಯೊಳಗಿದ್ದು, ಆ ಡಿಕ್ಕಿಯ ಚಿಲಕವು ವಿದ್ಯುತ್ತಿನಿಂದಲೇ ತೆರೆಯುತ್ತದೆ. ಬ್ಯಾಟರಿ ಸತ್ತರೆ ಬ್ಯಾಟರಿಯ ಬಳಿಗೆ ಹೋಗಲು ದಾರಿಯೇ ಇರುವುದಿಲ್ಲ! ಹೊರಗಿನಿಂದ ವಿದ್ಯುತ್ತು ಕೊಟ್ಟು ಚಿಲಕ ತೆರೆಯುವ ಬಿಂದು ಎಲ್ಲಿದೆಯೆಂಬುದನ್ನು ಕೈಪಿಡಿಯಲ್ಲಿ ಮೊದಲೇ ಓದಿಟ್ಟುಕೊಳ್ಳುವುದು ಒಳ್ಳೆಯದು. ಚಾರ್ಜರ್‌ನ ತಂತಿಯನ್ನು ಕಾಯಂ ಆಗಿ ಹೊರತಂದು ಇರಿಸಿಕೊಂಡವರಿಗೆ ಈ ಫಜೀತಿ ಇಲ್ಲ.

ಕೊಳ್ಳುವಾಗ ನೋಡಬೇಕಾದುದು

ಹೊಸ ಬ್ಯಾಟರಿ ಕೊಳ್ಳುವವರು ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ವಾರಂಟಿ ಎಷ್ಟು ತಿಂಗಳೆಂದು ಕೇಳುತ್ತಾರೆ. ಮೊದಲು ಕೇಳಬೇಕಾದುದು ತಯಾರಾದ ತಿಂಗಳು. ಆಮ್ಲ ತುಂಬಿ ಮುಚ್ಚಿದ ಬ್ಯಾಟರಿಯು ಅಂಗಡಿಯ ಅಟ್ಟದ ಮೇಲೆ ಇದ್ದರೂ ನಿಂತ ವಾಹನದ ಬ್ಯಾಟರಿಯಂತೆಯೇ ಸೋರುತ್ತಿರುತ್ತದೆ. ಎರಡು ಬೇಸಿಗೆ ಕಂಡ ಬ್ಯಾಟರಿಯನ್ನು ಹೊಸದೆಂದು ಕೊಂಡರೆ ಅರ್ಧ ಆಯುಷ್ಯವನ್ನು ಅಂಗಡಿಯಲ್ಲಿಯೇ ಬಿಟ್ಟು ಬಂದಂತೆ. ದಿನಾಂಕದ ಸಂಕೇತವು ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ ಅದನ್ನು ಓದಿ ಹೇಳುವಂತೆ ವ್ಯಾಪಾರಿಯನ್ನೇ ಕೇಳಬೇಕು. ಜೊತೆಗೆ ಹಣ ಕೊಡುವ ಮೊದಲು ಮಲ್ಟಿಮೀಟರ್ ಹಚ್ಚಬೇಕು. 12.5 ವೋಲ್ಟ್‌ಗಿಂತ ಕಡಿಮೆ ತೋರಿಸುವುದನ್ನು ಬೇಡವೆನ್ನಲು ಸಂಕೋಚ ಬೇಕಿಲ್ಲ. ಒಳ್ಳೆಯ ವ್ಯಾಪಾರಿ ಇದಕ್ಕೆ ಬೇಸರಪಡುವುದಿಲ್ಲ. ತನ್ನ ದಾಸ್ತಾನನ್ನು ಅವನೇ ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿಟ್ಟಿರುತ್ತಾನೆ.

ಬಗೆಯ ವಿಚಾರದಲ್ಲಿ ನಿಯಮ ಸರಳ: ಕಾರು ಕಾರ್ಖಾನೆಯಿಂದ ಯಾವ ಬಗೆಯ ಬ್ಯಾಟರಿಯೊಂದಿಗೆ ಬಂದಿತೋ ಆ ಬಗೆಯದನ್ನೇ ಹಾಕಬೇಕು. ಆಮ್ಲವನ್ನು ಗಾಜುನಾರಿನ ಚಾಪೆಯಲ್ಲಿ ಹೀರಿಸಿಟ್ಟ ‘ಎ.ಜಿ.ಎಂ.’ ಬ್ಯಾಟರಿಯ ಬೆಲೆ ಸಾಧಾರಣ ಬ್ಯಾಟರಿಯ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು. ಅಗ್ಗವೆಂದು ಅದರ ಜಾಗದಲ್ಲಿ ಸಾಧಾರಣದ್ದನ್ನು ಹಾಕಿದರೆ ಕಾರಿನ ಚಾರ್ಜಿಂಗ್ ವ್ಯವಸ್ಥೆ ಅದಕ್ಕೆ ಹೊಂದದು. ಬ್ಯಾಟರಿಯು ಡಿಕ್ಕಿಯಲ್ಲಿ ಅಥವಾ ಆಸನದ ಕೆಳಗಿದ್ದರೆ ಆಮ್ಲದ ಆವಿಯ ಅಪಾಯವೂ ಉಂಟು. ಎ.ಜಿ.ಎಂ. ಬ್ಯಾಟರಿ ನಿಧಾನವಾಗಿ ಸೋರುವುದರಿಂದ ನಿಂತ ಕಾರಿಗೆ ಅನುಕೂಲಕರ. ಆದರೆ ಅದಕ್ಕೆ ನೀರು ಹಾಕುವ ದಾರಿಯಿಲ್ಲ. ಸೆಖೆಯಲ್ಲಿ ಅತಿಯಾಗಿ ಚಾರ್ಜ್ ಮಾಡಿ ಒಣಗಿಸಿದರೆ ಮುಗಿಯಿತು. ಎಂಜಿನ್ನಿನ ಪಕ್ಕದಲ್ಲಿಯೇ ಬ್ಯಾಟರಿ ಇರುವ ಹಳೆಯ ಕಾರಿಗೆ, ಬಳ್ಳಾರಿಯ ಹವೆಯಲ್ಲಿ, ಮುಚ್ಚಳ ತೆಗೆದು ನೀರು ಹಾಕಬಹುದಾದ ಸಾಧಾರಣ ಬ್ಯಾಟರಿಯೇ ಹೆಚ್ಚು ಸಹನಶೀಲವೆಂದು ಹೇಳಬೇಕಾಗುತ್ತದೆ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದುದನ್ನು ಗಣಕಕ್ಕೆ ತಿಳಿಸಬೇಕಾಗುತ್ತದೆ. ತಿಳಿಸದಿದ್ದರೆ ಅದು ಹಳೆಯ ಬ್ಯಾಟರಿಗೆಂದು ಕಲಿತ ರೀತಿಯಲ್ಲಿಯೇ ಹೊಸದನ್ನೂ ಚಾರ್ಜ್ ಮಾಡುತ್ತದೆ. ಆ ಉಪಕರಣ ಇರುವ ಅಂಗಡಿಯಲ್ಲಿಯೇ ಹಾಕಿಸಬೇಕು.

ಸಿ.ಸಿ.ಎ. ಎಂಬ ಅಂಕಿಯನ್ನು ದೊಡ್ಡದಾಗಿ ಮುದ್ರಿಸಿ ಮಾರುವುದು ಈಚಿನ ಪದ್ಧತಿ. ಅದು ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಸೆಲ್ಫ್ ತಿರುಗಿಸುವ ಶಕ್ತಿಯ ಅಳತೆ. ಡಿಸೆಂಬರ್‌ನಲ್ಲಿಯೂ ಶಾಲು ಸಾಕಾಗುವ ನಮ್ಮ ಊರಿನಲ್ಲಿ ಅದಕ್ಕಾಗಿ ಹೆಚ್ಚು ಹಣ ತೆರಬೇಕಾದುದಿಲ್ಲ. ಅದೇ ಅಳತೆಯ ಪೆಟ್ಟಿಗೆಯಲ್ಲಿ ಈ ಅಂಕಿಯನ್ನು ಹೆಚ್ಚಿಸಲು ಸಾಮಾನ್ಯವಾಗಿ ತೆಳು ಪ್ಲೇಟುಗಳನ್ನು ಹೆಚ್ಚು ಸಂಖ್ಯೆಯಲ್ಲಿ ತುಂಬುತ್ತಾರೆ. ತೆಳು ಪ್ಲೇಟು ಸೆಖೆಗೆ ಬೇಗ ಸವೆಯುತ್ತದೆ. ತಯಾರಕರು ಸೂಚಿಸಿದಷ್ಟು ಸಿ.ಸಿ.ಎ. ಇದ್ದರೆ ಸಾಕು, ಹೆಚ್ಚು ಕೊಡುವ ಹಣವನ್ನು ಆಂಪಿಯರ್-ಅವರ್ ಸಾಮರ್ಥ್ಯಕ್ಕೆ ಕೊಡುವುದು ವಿವೇಕ, ಅದೂ ತಟ್ಟೆಯಲ್ಲಿ ಅಲುಗಾಡದೆ ಕೂರುವ ಅಳತೆಯಾಗಿದ್ದರೆ.

ಲಿಥಿಯಂ ಬ್ಯಾಟರಿಯ ಬಗ್ಗೆ ಕೇಳುವವರು ಹೆಚ್ಚುತ್ತಿದ್ದಾರೆ. ಪೋರ್ಷೆ ಸಂಸ್ಥೆಯು 2009ರ ಕೊನೆಯಲ್ಲಿ ತನ್ನ 911 ಜಿ.ಟಿ.3 ಮುಂತಾದ ಕಾರುಗಳಿಗೆ 6 ಕಿಲೋಗ್ರಾಂಗಿಂತ ಕಡಿಮೆ ತೂಕದ, ಅಂದರೆ ಸೀಸದ್ದಕ್ಕಿಂತ 10 ಕಿಲೋಗ್ರಾಂ ಹಗುರವಾದ ಲಿಥಿಯಂ ಬ್ಯಾಟರಿಯನ್ನು ಪ್ರಕಟಿಸಿತು. ಅತಿ ಚಳಿಯಲ್ಲಿ ಬಳಸಲೆಂದು ಅದರೊಂದಿಗೆ ಸಾಧಾರಣ ಬ್ಯಾಟರಿಯೊಂದನ್ನೂ ಕೊಡುತ್ತಿತ್ತು. ನಿಂತಾಗ ಲಿಥಿಯಂ ಸೋರುವುದು ಬಹಳ ಕಡಿಮೆ, ಸಲ್ಫೇಟ್‌ನ ಕಾಟ ಇಲ್ಲವೇ ಇಲ್ಲ. ಆದರೆ ಬೆಲೆ ಹಲವು ಪಟ್ಟು, ಸಾಮರ್ಥ್ಯ ಚಿಕ್ಕದು, ಅದಕ್ಕೆಂದೇ ತಯಾರಾದ ಚಾರ್ಜರ್ ಬೇಕು. ಕಾರು ಎಳೆಯುವ ದಿನಕ್ಕೊಂದು ಆಂಪಿಯರ್-ಅವರ್ ಇಲ್ಲಿಯೂ ತಪ್ಪದು. ಪಂದ್ಯದ ಮೈದಾನದಲ್ಲಿ 10 ಕಿಲೋ ಉಳಿತಾಯಕ್ಕೆ ಬೆಲೆಯುಂಟು. ಬಳ್ಳಾರಿಯಿಂದ ಹಂಪಿಗೆ ಹೋಗಿಬರುವವರಿಗೆ ಅದರ ಅಗತ್ಯ ಕಾಣದು.

ತೆರಿಗೆಯ ವಿಷಯದಲ್ಲಿ ಒಂದು ಮಾತು: 2025ರ ಸೆಪ್ಟೆಂಬರ್ 22ರಿಂದ ಸೀಸದ ಬ್ಯಾಟರಿಗಳ ಮೇಲಿನ ಜಿ.ಎಸ್.ಟಿ. ಶೇಕಡ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿಲ್ಲದೆ ಕೊಂಡರೆ ಅಗ್ಗವೆಂಬ ವಾದದಲ್ಲಿ ಹಿಂದೆಯೂ ಹುರುಳಿರಲಿಲ್ಲ, ಈಗಂತೂ ಇಲ್ಲ. ಕ್ರಮಸಂಖ್ಯೆ ನಮೂದಿಸಿದ ಬಿಲ್ಲಿಲ್ಲದೆ ವಾರಂಟಿ ಇಲ್ಲ. ಇದ್ದರೂ, ಚಾರ್ಜ್ ಮಾಡದೆ ಬಿಟ್ಟು ಸಲ್ಫೇಟ್ ಕಟ್ಟಿದ ಬ್ಯಾಟರಿಯನ್ನು ತಯಾರಿಕೆಯ ದೋಷವೆಂದು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಗ್ರಾಹಕರಿಗೂ ವ್ಯಾಪಾರಿಗಳಿಗೂ ಜಗಳವಾಗುವುದು ಹೆಚ್ಚಾಗಿ ಇಲ್ಲಿಯೇ. ನಿಂತ ವಾಹನದ ಮಾಲೀಕರು ತಿಂಗಳಿಗೊಮ್ಮೆ ವೋಲ್ಟೇಜನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ವಾದಕ್ಕೆ ಆಧಾರವಾದರೂ ಇರುತ್ತದೆ.

ಸಿರುಗುಪ್ಪದ ಕಣ ಮತ್ತು ಗಿರಣಿ

ಕಾರಿನ ಬ್ಯಾಟರಿ ಸತ್ತರೆ ಒಂದು ದಿನದ ಸಂತೋಷ ಕೆಡುತ್ತದೆ. ಗಿರಣಿಯ ಜನರೇಟರ್ ಸ್ಟಾರ್ಟ್ ಆಗದಿದ್ದರೆ ಕುದಿಸಿ ಒಣಗಲು ಹಾಕಿದ ಭತ್ತವೇ ಕೆಡಬಹುದು. ಜೀನ್ಸ್ ಘಟಕದಲ್ಲಿ ಹೊಲಿಗೆ ಯಂತ್ರಗಳು ನಿಂತರೂ ಕೂಲಿ ನಿಲ್ಲುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಜನರೇಟರ್ ಕೆಲವು ಸಾವಿರ ರೂಪಾಯಿಯ ಬ್ಯಾಟರಿಯಿಂದಾಗಿ ಮೂಕವಾಗುವುದು ಅಪರೂಪದ ಸಂಗತಿಯಲ್ಲ.

ಅಕ್ಕಿ ಗಿರಣಿಗೆ ತನ್ನದೇ ಆದ ತೊಂದರೆಯೊಂದುಂಟು. ಹೊಟ್ಟಿನ ಸಣ್ಣ ಧೂಳು ಬ್ಯಾಟರಿಯ ಮೇಲೆ ಕೂರುತ್ತದೆ. ಮುಚ್ಚಳದ ರಂಧ್ರದಿಂದ ಬರುವ ಆಮ್ಲದ ತೇವ ಸೇರಿ ಅದು ಎರಡು ಟರ್ಮಿನಲ್‌ಗಳ ನಡುವೆ ಸಣ್ಣ ದಾರಿಯಂತಾಗಿ ವಿದ್ಯುತ್ತು ಹಗಲಿರುಳೂ ಹರಿದುಹೋಗುತ್ತದೆ. ಮುಚ್ಚಳಗಳನ್ನು ಬಿಗಿಮಾಡಿ, ಅಡಿಗೆ ಸೋಡಾ ಕದಡಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ತಿಂಗಳಿಗೊಮ್ಮೆ ಒರೆಸಿ, ಟರ್ಮಿನಲ್‌ಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಇದು ನಿಲ್ಲುತ್ತದೆ. ಗ್ರೀಸನ್ನು ಸವರುವ ರೂಢಿ ಇದೆ. ಅದು ತಂತಿಯ ಮತ್ತು ಟರ್ಮಿನಲ್‌ನ ನಡುವೆ ಸೇರದಂತೆ, ಬಿಗಿದ ಮೇಲೆ ಹೊರಗಿನಿಂದ ಮಾತ್ರ ಸವರಬೇಕು. ಕಪ್ಪಾದ ಟರ್ಮಿನಲ್‌ಗೆ ಮೊದಲು ಎಮರಿ ಕಾಗದ ಹಾಕಿ ಉಜ್ಜಬೇಕು. ಜನರೇಟರ್‌ಗೆ ಪ್ಲಗ್ಗು ಹತ್ತಿರವೇ ಇರುವುದರಿಂದ ಸಣ್ಣ ಚಾರ್ಜರನ್ನು ಕಾಯಂ ಜೋಡಿಸಿಡಲು ಯಾವ ಅಡ್ಡಿಯೂ ಇಲ್ಲ.

ನೀರಿನ ವಿಷಯದಲ್ಲಿ ಉದಾಸೀನ ಹೆಚ್ಚು. ಬ್ಯಾಟರಿಗೆ ಹಾಕಬೇಕಾದುದು ಭಾರತೀಯ ಮಾನಕ 1069ಕ್ಕೆ ಒಪ್ಪುವ ಶುದ್ಧ ನೀರು, ಅಂದರೆ ಡಿಸ್ಟಿಲ್ಡ್ ವಾಟರ್ ಎಂದು ಅಂಗಡಿಯಲ್ಲಿ ಸಿಗುವಂಥದು. ಕೊಳವೆಬಾವಿಯ ನೀರಿನ ಲವಣಗಳು ಪ್ಲೇಟುಗಳಿಗೆ ವಿಷ; ಆರ್.ಓ. ಯಂತ್ರದ ಕುಡಿಯುವ ನೀರಿನಲ್ಲಿಯೂ ಲವಣ ಉಳಿದಿರುತ್ತದೆ. ಎ.ಸಿ. ಯಂತ್ರದಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ಹಾಕುವವರಿದ್ದಾರೆ. ಅದರಲ್ಲಿ ಲವಣ ಕಡಿಮೆಯಾದರೂ ಲೋಹದ ಅಂಶ ಮತ್ತು ಧೂಳು ಸೇರಿರುತ್ತವೆ. ಒಂದು ಕ್ಯಾನಿನ ಬೆಲೆ ಉಳಿಸಲು ಬ್ಯಾಟರಿಯನ್ನು ಪಣಕ್ಕಿಡುವ ಕೆಲಸವದು. ಮಟ್ಟ ಇಳಿದಾಗ ಹಾಕಬೇಕಾದುದು ನೀರನ್ನೇ. ಆಮ್ಲವನ್ನು ಎಂದಿಗೂ ಅಲ್ಲ. ಮುಚ್ಚಳವಿರುವ ಬ್ಯಾಟರಿಯಲ್ಲಿ ಹೈಡ್ರೋಮೀಟರ್ ಆರೂ ಸೆಲ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ಐದರಲ್ಲಿ 1.250 ಇದ್ದು ಒಂದರಲ್ಲಿ 1.180 ಬಂದರೆ, ಚಾರ್ಜ್ ಮಾಡಿದ ಮೇಲೂ ಅದು ಏರದಿದ್ದರೆ, ಆ ಒಂದು ಸೆಲ್ ಇಡೀ ಬ್ಯಾಟರಿಯನ್ನು ಕೆಳಕ್ಕೆಳೆಯುತ್ತದೆ.

ತುಂಗಭದ್ರೆಯ ಕಾಲುವೆಯ ಕೆಳಗಿನ ಸಿರುಗುಪ್ಪ, ಕುರುಗೋಡು ಭಾಗಗಳಲ್ಲಿ ಭತ್ತ ಕಟಾವು ಯಂತ್ರಗಳಿಗೆ ಕೆಲಸ ಇರುವುದು ಸುಗ್ಗಿಯ ಕೆಲವೇ ವಾರ. ಎರಡನೆಯ ಬೆಳೆಗೆ ಕಾಲುವೆಯ ನೀರು ದೊರೆಯದ ವರ್ಷದಲ್ಲಿ ಯಂತ್ರವು ಇಡೀ ವರ್ಷದಲ್ಲಿ ಒಂದೇ ಸಲ ಹೊರಬರುತ್ತದೆ. ಅಂತಹ ಯಂತ್ರದ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಬಿಚ್ಚಿ, ಮನೆಯ ತಂಪಾದ ಕೋಣೆಯಲ್ಲಿಡುವುದು ಎಲ್ಲಕ್ಕಿಂತ ಸುಲಭ. ಆರು ವಾರಕ್ಕೊಮ್ಮೆ ಒಂದು ರಾತ್ರಿ ಚಾರ್ಜ್ ಮಾಡಿದರೆ ಮುಂದಿನ ಸುಗ್ಗಿಗೆ ಸಿದ್ಧ. ಸಿಮೆಂಟು ನೆಲದ ಮೇಲಿಟ್ಟರೆ ಕರೆಂಟು ನೆಲಕ್ಕಿಳಿಯುತ್ತದೆಂದು ಹಿರಿಯರು ಹಲಗೆಯ ಮೇಲಿಡುತ್ತಿದ್ದರು. ಮರದ ಮತ್ತು ರಬ್ಬರಿನ ಪೆಟ್ಟಿಗೆಗಳ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಆ ಭಯವಿಲ್ಲ. ಬಿಚ್ಚುವುದು ಆಗದಿದ್ದರೆ 10 ವಾಟಿನ ಸೌರಫಲಕವೊಂದನ್ನು ನಿಯಂತ್ರಕದೊಂದಿಗೆ ಜೋಡಿಸಬಹುದು. ನಮ್ಮ ಬಿಸಿಲಿನಲ್ಲಿ ಅದು ದಿನಕ್ಕೆ ಎರಡು ಆಂಪಿಯರ್-ಅವರ್‌ಗಿಂತ ಹೆಚ್ಚು ಕೊಡುತ್ತದೆ, ಸೋರಿಕೆಗೆ ಅಷ್ಟು ಸಾಕು. ಬ್ಯಾಟರಿಯನ್ನು ಸುಡುವ ಬಿಸಿಲೇ ಅದನ್ನು ಕಾಪಾಡುವ ಕೆಲಸಕ್ಕೂ ಒದಗುತ್ತದೆ.

ಸ್ಟಾರ್ಟ್ ಆಗದೇ ಹೋದಾಗ

ಇಷ್ಟಾದರೂ ಒಂದು ದಿನ ಕಾರು ಏಳದಿದ್ದರೆ, ಪಕ್ಕದಲ್ಲಿ ನಿಂತ ಲಾರಿಯಿಂದ ತಂತಿ ಎಳೆಯುವುದು ಈ ಊರಿನಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅನೇಕ ಭಾರಿ ಲಾರಿಗಳದು 24 ವೋಲ್ಟಿನ ವ್ಯವಸ್ಥೆ. ಅದನ್ನು 12 ವೋಲ್ಟಿನ ಕಾರಿಗೆ ಹಚ್ಚಿದರೆ ಬ್ಯಾಟರಿಯಲ್ಲ, ಲಕ್ಷಾಂತರ ಬೆಲೆಯ ಗಣಕಗಳೇ ಸುಟ್ಟಾವು. 12 ವೋಲ್ಟಿನ ಇನ್ನೊಂದು ಕಾರಿನಿಂದಲೇ ತೆಗೆದುಕೊಳ್ಳಬೇಕು. ಕೊನೆಯ ನೆಗೆಟಿವ್ ಕ್ಲಿಪ್ಪನ್ನು ಸತ್ತ ಬ್ಯಾಟರಿಯ ಟರ್ಮಿನಲ್‌ಗೆ ಹಾಕದೆ ಎಂಜಿನ್ನಿನ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಹಾಕಬೇಕು. ಎಂಜಿನ್ ಎದ್ದ ಮೇಲೆ ಊರು ಸುತ್ತಿ ಬ್ಯಾಟರಿ ತುಂಬಿಸಲು ಹೊರಡಬಾರದು. ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ತುಂಬಿಸಹೋಗಿ ಆಲ್ಟರ್ನೇಟರ್ ಅತಿಯಾಗಿ ಕಾಯುತ್ತದೆ. ಚಾರ್ಜರ್ ಹಾಕಿ ಒಂದು ದಿನ ಬಿಡಬೇಕು. ಅರ್ಧ ಗಂಟೆಯಲ್ಲಿ ತುಂಬಿಸಿಕೊಡುವ ‘ಬೂಸ್ಟ್ ಚಾರ್ಜ್’ ಅವಸರಕ್ಕೆ ಒದಗಿದರೂ ಬ್ಯಾಟರಿಯನ್ನು ಕಾಯಿಸಿ ಆಯುಷ್ಯ ಕಡಿಮೆ ಮಾಡುತ್ತದೆ.

ಪೂರ್ತಿ ಚಾರ್ಜ್ ಆಗಿ ಒಂದು ರಾತ್ರಿ ಕಳೆದ ಮೇಲೆ 12.4 ಉಳಿಸಿಕೊಳ್ಳಲಾಗದ, ಸೆಲ್ಫ್ ಹೊಡೆಯುವಾಗ 9.6 ವೋಲ್ಟ್‌ಗಿಂತ ಕೆಳಗಿಳಿಯುವ ಬ್ಯಾಟರಿಯ ಕಾಲ ಮುಗಿದಿದೆ. ಪುಡಿ ಹಾಕಿ, ಮದ್ದು ಹಾಕಿ ಎಬ್ಬಿಸುತ್ತೇವೆಂಬ ಮಾತುಗಳಿಗೆ ಕಿವಿಗೊಡುವ ಅಗತ್ಯವಿಲ್ಲ.

ಹಳೆಯ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವಿರುತ್ತದೆ. ಅದಕ್ಕಾಗಿಯೇ ಗುಜರಿಯವರು ಮನೆ ಬಾಗಿಲಿಗೆ ಬಂದು ಕೇಳುತ್ತಾರೆ. ಆಮ್ಲವನ್ನು ಚರಂಡಿಗೆ ಚೆಲ್ಲಿ, ಬಯಲಿನಲ್ಲಿ ಸೀಸ ಕರಗಿಸುವ ಕಡೆ ಆ ಹೊಗೆ ಮತ್ತು ಧೂಳು ಮೊದಲು ಸೇರುವುದು ಅಲ್ಲಿ ಆಡುವ ಮಕ್ಕಳ ರಕ್ತಕ್ಕೆ. ಅದರಿಂದ ಆಗುವ ಬುದ್ಧಿಯ ಬೆಳವಣಿಗೆಯ ಕುಂಠಿತವನ್ನು ಮುಂದೆ ಸರಿಪಡಿಸಲಾಗದು. 2001ರ ನಿಯಮಗಳ ಸ್ಥಾನದಲ್ಲಿ 2022ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಸೇರಿಸದೆ ಅಧಿಕೃತ ಸಂಗ್ರಹಣೆ ಅಥವಾ ಪುನರ್ಬಳಕೆಯ ವ್ಯವಸ್ಥೆಗೆ ಒಪ್ಪಿಸುವುದು ಬಳಕೆದಾರರ ಹೊಣೆ. ಹಿಂದಕ್ಕೆ ಪಡೆದು ವಿಲೇವಾರಿ ಮಾಡಿಸುವುದು ತಯಾರಕರ ಹೊಣೆ. ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಳೆಯದನ್ನು, ಆಮ್ಲ ಚೆಲ್ಲದೆ, ವಿನಿಮಯಕ್ಕೆ ಕೊಟ್ಟು ಅದರ ಮೊತ್ತವನ್ನು ಬಿಲ್ಲಿನಲ್ಲಿ ಕಳೆಯಿಸಿಕೊಂಡರೆ ಎರಡೂ ಕೆಲಸ ಒಂದೇ ರಸೀದಿಯಲ್ಲಿ ಮುಗಿಯುತ್ತವೆ.